ಆನೆಯಿಲ್ಲದ ನಾಡಿನ ಕಹಳೆ ಆನೆಗಳ ಊರಿಗೆ ಬಂದ ಕಥೆ

ಮೊದಲು ಕಹಳೆಯ ವಿಷಯ ಹೇಳಿಬಿಡುತ್ತೇನೆ, ಆನೆ ಆಮೇಲೆ ಬರಲಿ. ಟಿಬೆಟಿಯನ್ ಬೌದ್ಧ ಮಠಗಳಲ್ಲಿ ದುಂಗ್‌ಚೆನ್ ಎಂಬ ವಾದ್ಯ ಇರುತ್ತದೆ. ತಾಮ್ರ, ಹಿತ್ತಾಳೆಯ ಕೊಳವೆಗಳನ್ನು ಒಂದರೊಳಗೊಂದು ಸೇರಿಸಿಟ್ಟಿರುತ್ತಾರೆ. ಎಳೆದರೆ ಆಳೆತ್ತರವನ್ನೂ ಮೀರಿ ಉದ್ದವಾಗುತ್ತದೆ, ದೊಡ್ಡವು ಮೂರು ಮೀಟರನ್ನೂ ದಾಟುತ್ತವೆ. ಇಷ್ಟುದ್ದದ್ದನ್ನು ಕೈಯಲ್ಲಿ ಎತ್ತಿ ಹಿಡಿದು ಊದುವುದಾದರೂ ಹೇಗೆ? ಅದರ ಬಾಯಿ ನೆಲದ ಮೇಲೋ ಮರದ ಆಸರೆಯ ಮೇಲೋ ಕೂತಿರುತ್ತದೆ. ಮೆರವಣಿಗೆಯಲ್ಲಾದರೆ ಮುಂದೆ ನಡೆಯುವವನ ಹೆಗಲೇ ಆಸರೆ. ಇಬ್ಬರು ಭಿಕ್ಷುಗಳು ಜೋಡಿಯಾಗಿ ಊದುತ್ತಾರೆ. ಒಬ್ಬನ ಉಸಿರು ಮುಗಿಯುತ್ತಿದ್ದಂತೆ ಇನ್ನೊಬ್ಬನದು ಎದ್ದಿರುತ್ತದೆ. ಕೆಲವರು ನಮ್ಮ ನಾಗಸ್ವರದವರ ಹಾಗೆ ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು, ಅದನ್ನು ಹೊರಗೆ ಒತ್ತುತ್ತಲೇ ಮೂಗಿನಿಂದ ಹೊಸ ಉಸಿರು ಎಳೆಯುವುದನ್ನು ಕಲಿತಿರುತ್ತಾರೆ. ಹಾಗಾಗಿ ನಾದ ಎಲ್ಲೂ ಕಡಿಯುವುದಿಲ್ಲ.

ಆ ನಾದವಾದರೂ ಎಂಥದ್ದು! ಹತ್ತಿರ ಕೂತು ಕೇಳಿದವರಿಗೆ ಗೊತ್ತು, ಅದು ಮೊದಲು ಕಿವಿಗೆ ಬರುವುದಿಲ್ಲ. ಕೂತ ನೆಲದಿಂದ ಮೊಣಕಾಲಿಗೆ ಏರಿ, ಪಕ್ಕೆಲುಬಿಗೆ ಹತ್ತಿ, ಎದೆಯೊಳಗೆ ಕೂತು, ಕೊನೆಗೆ ‘ಓಹೋ, ಇದು ಶಬ್ದ’ ಎಂದು ತಲೆಗೆ ಹೊಳೆಯುತ್ತದೆ. ಈ ನಾದವನ್ನು ಬಣ್ಣಿಸುವಾಗ ಹಳಬರು ಬಳಸುತ್ತ ಬಂದ ಹೋಲಿಕೆ ಒಂದೇ: ಆನೆಗಳು ಹಾಡಿದಂತೆ.

ಇಲ್ಲಿ ಸ್ವಲ್ಪ ತಡೆಯಿರಿ. ಟಿಬೆಟಿನಲ್ಲಿ ಆನೆ ಎಲ್ಲಿಂದ ಬರಬೇಕು? ನಾಲ್ಕು ಸಾವಿರ ಮೀಟರ್ ಎತ್ತರದ ಹಿಮದ ಬಯಲು ಅದು. ಯಾಕ್ ಉಂಟು, ಕುರಿ ಉಂಟು, ಹಿಮಚಿರತೆ ಉಂಟು. ಆನೆ ಇದ್ದದ್ದು ಚಿತ್ರದಲ್ಲಿ, ಸೂತ್ರದಲ್ಲಿ, ಚಕ್ರವರ್ತಿಯ ಏಳು ರತ್ನಗಳ ಪಟ್ಟಿಯಲ್ಲಿ. ಭಾರತದಿಂದ ಧರ್ಮದ ಜೊತೆಗೇ ಹೋದ ಆನೆ ಅದು, ಮೈಯಿಲ್ಲದ್ದು. ಕಹಳೆಗೂ ಅಂಥದೇ ಒಂದು ಐತಿಹ್ಯವಿದೆ. ಹನ್ನೊಂದನೆಯ ಶತಮಾನದಲ್ಲಿ ಬಂಗಾಳ ಮೂಲದ ಆಚಾರ್ಯ ಅತೀಶ ದೀಪಂಕರರು ಪಶ್ಚಿಮ ಟಿಬೆಟಿನ ಅರಸನ ಕರೆಯ ಮೇಲೆ ಬೆಟ್ಟ ಹತ್ತಿ ಬಂದಾಗ ಅವರನ್ನು ಎದುರುಗೊಳ್ಳಲೆಂದೇ ಇದನ್ನು ಮಾಡಿಸಿದರಂತೆ. ಆನೆಯ ನಾಡಿನಿಂದ ಬರುವ ಗುರುವಿಗೆ ಆನೆಯ ದನಿಯಲ್ಲಿ ಸ್ವಾಗತ! ಕಥೆ ಎಷ್ಟು ನಿಜವೋ, ಕಲ್ಪನೆಯಂತೂ ಸೊಗಸು.

ಈಗ ಆ ಕಹಳೆ ಎಲ್ಲಿಗೆ ಬಂದಿದೆ ನೋಡಿ. ಕೊಳ್ಳೇಗಾಲದಿಂದ ಹೊರಟು, ಲೊಕ್ಕನಹಳ್ಳಿ ದಾಟಿ, ಬೆಟ್ಟದ ಸಾಲುಗಳ ನಡುವಿನ ಒಡೆಯರಪಾಳ್ಯಕ್ಕೆ! ಇವತ್ತಿನ ಲೆಕ್ಕದಲ್ಲಿ ಹನೂರು ತಾಲ್ಲೂಕು, ಚಾಮರಾಜನಗರ ಜಿಲ್ಲೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ನಿರಾಶ್ರಿತರಿಗೆ ಜಾಗ ಕೊಟ್ಟ ರಾಜ್ಯಗಳಲ್ಲಿ ಮೈಸೂರು ಮುಂದಿತ್ತು. ಬೈಲಕುಪ್ಪೆ, ಮುಂಡಗೋಡ, ಹುಣಸೂರುಗಳ ಹೆಸರು ಎಲ್ಲರ ಬಾಯಲ್ಲಿದೆ. 1970ರ ದಶಕದಲ್ಲಿ ನೆಲೆಗೊಂಡ ಒಡೆಯರಪಾಳ್ಯದ ‘ಧೋಂಡೆನ್‌ಲಿಂಗ್’ ವಸತಿಗೆ ಪ್ರವಾಸಿಗಳು ಹೋಗುವುದು ಕಡಿಮೆ. ಕಾಡು ಕಡಿದು ಹೊಲ ಮಾಡಿ, ಮುಸುಕಿನ ಜೋಳ ಬಿತ್ತಿ, ಚಳಿಗಾಲಕ್ಕೆ ಊರೂರಿಗೆ ಸ್ವೆಟರ್ ಮಾರಲು ಹೋಗಿ ಬದುಕು ಕಟ್ಟಿಕೊಂಡವರ ಊರು ಅದು. ಅಲ್ಲೊಂದು ದೊಡ್ಡ ಮಠ ಇದೆ, ಜೋಗ್‌ಚೆನ್. ಇದರ ಮೂಲ ಮಠ ಪೂರ್ವ ಟಿಬೆಟಿನ ಖಾಮ್ ಸೀಮೆಯಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಹುಟ್ಟಿದ್ದು. ನ್ಯಿಂಗ್ಮಾ ಪಂಥದ ಆರು ತಾಯಿಮಠಗಳಲ್ಲಿ ಒಂದು. ಅಲ್ಲಿ ಹಾಳಾದದ್ದನ್ನು ಇಲ್ಲಿ ಮತ್ತೆ ಕಟ್ಟುವ ಕೆಲಸ 1985ರಲ್ಲಿ ಶುರುವಾಯಿತು. 1992ರ ಜನವರಿಯಲ್ಲಿ ದಲೈ ಲಾಮಾ ಬಂದು ಉದ್ಘಾಟಿಸಿದರು.

ಹಿಮದ ನಾಡಿನ ಕಹಳೆ ಮೊಳಗತೊಡಗಿದ ಈ ಜಾಗದ ಸುತ್ತ ಏನಿದೆ ಗೊತ್ತೇ? ಪಶ್ಚಿಮಕ್ಕೆ ಬಿಳಿಗಿರಿರಂಗನ ಬೆಟ್ಟ, 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಪೂರ್ವಕ್ಕೆ ಮಲೆ ಮಹದೇಶ್ವರ ವನ್ಯಧಾಮ. ತೆಂಕಲಿಗೆ ಗಡಿಯಾಚೆ ಸತ್ಯಮಂಗಲದ ಕಾಡು. ಏಷ್ಯಾದ ಆನೆಗಳು ಭೂಮಿಯ ಮೇಲೆ ಅತಿ ಹೆಚ್ಚು ಉಳಿದಿರುವ ಕಾಡುಪಟ್ಟಿಯೇ ಇದು! 2023ರ ಗಣತಿಯಲ್ಲಿ ಕರ್ನಾಟಕದ ಲೆಕ್ಕಕ್ಕೆ ಸಿಕ್ಕ ಆನೆಗಳು 6,395. ಬಿಳಿಗಿರಿಯಿಂದ ಮಾದಪ್ಪನ ಬೆಟ್ಟದ ಕಡೆಗೆ ಆನೆ ದಾಟುವ ಎಡೆಯರಹಳ್ಳಿ–ದೊಡ್ಡಸಂಪಿಗೆ ಕಾರಿಡಾರ್ ಇರುವುದೂ ಈ ಭಾಗದಲ್ಲೇ. ದಾರಿ ಕಟ್ಟಿಹೋಗದಿರಲೆಂದು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅಲ್ಲಿ ರೈತರಿಂದ ಜಮೀನನ್ನೇ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಆನೆಗಾಗಿ ಹೊಲ ಖರೀದಿ! ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಡೆದ ವ್ಯವಹಾರಗಳಲ್ಲೇ ಇದರಷ್ಟು ಚೆಂದದ್ದು ಇನ್ನೊಂದು ಇರಲಾರದು.

ಅಲ್ಲಿಗೆ, ಸಾವಿರ ವರ್ಷದಿಂದ ಕಾಣದ ಆನೆಯ ಹೆಸರು ಹೇಳಿಕೊಂಡು ಊದುತ್ತಿದ್ದ ಕಹಳೆಗೆ ಈಗ ನಿಜವಾದ ಆನೆಗಳೇ ನೆರೆಹೊರೆ.

ಈ ಹೋಲಿಕೆ ಬರೀ ಕವಿಮಾತು ಎಂದುಕೊಂಡಿದ್ದೆ. ಆನೆಯ ದನಿ ಎಂದ ಕೂಡಲೇ ನನ್ನ ಕಿವಿಗೆ ಬರುತ್ತಿದ್ದದ್ದು ಘೀಳು. ಸಿನಿಮಾದಲ್ಲಿ, ದಸರಾದಲ್ಲಿ, ಯೂಟ್ಯೂಬಿನಲ್ಲಿ ಕೇಳುವ ಆ ತೀಕ್ಷ್ಣ ಕೂಗಿಗೂ ದುಂಗ್‌ಚೆನ್‌ಗೂ ಅಜಗಜಾಂತರ. ಆದರೆ ಘೀಳಿಡುವುದು ಆನೆಯ ದಿನನಿತ್ಯದ ಮಾತಲ್ಲ. ಹೆದರಿದಾಗ, ಕೆರಳಿದಾಗ, ತೀರಾ ಉತ್ಸಾಹ ಬಂದಾಗಿನ ಕೂಗು ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ಮಿತಾ ನಾಯರ್, ರೋಹಿಣಿ ಬಾಲಕೃಷ್ಣನ್, ಚಂದ್ರಶೇಖರ ಸೀಲಮಂತುಲ, ರಾಮನ್ ಸುಕುಮಾರ್ ಅವರು ಮುದುಮಲೆಯ ಕಾಡಾನೆಗಳ ದನಿಗಳನ್ನು ಧ್ವನಿಮುದ್ರಿಸಿ, ಅಳೆದು, 2009ರಲ್ಲಿ ಪ್ರಕಟಿಸಿದರು. ಅವರು ವಿಂಗಡಿಸಿದ್ದು ನಾಲ್ಕು ಬಗೆ: ಘೀಳು, ಚಿಲಿಪಿಲಿಯಂಥ ಕಿರುದನಿ, ಗರ್ಜನೆ, ಮತ್ತೆ ಎಲ್ಲಕ್ಕಿಂತ ಕೆಳಗಿನ ಸ್ಥಾಯಿಯ ‘ರಂಬಲ್’. ಸಂಸಾರದ ಮಾತುಕತೆಯೆಲ್ಲ ನಡೆಯುವುದು ಈ ಕೊನೆಯದರಲ್ಲಿ. ಎಲ್ಲಿದ್ದೀಯ, ಇಲ್ಲಿದ್ದೀನಿ, ಮರಿ ಎಲ್ಲಿ, ನಡಿ ಹೋಗೋಣ, ಎಲ್ಲವೂ!

ರಂಬಲ್ ಎನ್ನುವ ಇಂಗ್ಲಿಷ್ ಪದ ನಮ್ಮವರಿಗೂ ಹೊಸದೇನಲ್ಲ. ಹೆದ್ದಾರಿಯಲ್ಲಿ ಬೈಕಿನ ಸೊಂಟ ಮುರಿಯುವ ಬಿಳಿ ಪಟ್ಟಿಗಳು ರಂಬಲ್ ಸ್ಟ್ರಿಪ್. ಮುಹಮ್ಮದ್ ಅಲಿ 1974ರಲ್ಲಿ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್‌ನನ್ನು ಮಲಗಿಸಿದ ಪಂದ್ಯ ‘ರಂಬಲ್ ಇನ್ ದ ಜಂಗಲ್’. ದೂರದ ಗುಡುಗೂ ರಂಬಲ್, ಹಸಿದ ಹೊಟ್ಟೆಯ ಗೊರಗೊರವೂ ರಂಬಲ್. ಈ ಕೊನೆಯ ಅರ್ಥವೇ ವಿಜ್ಞಾನದ ದಾರಿಯನ್ನು ಬಹಳ ಕಾಲ ತಪ್ಪಿಸಿತು ನೋಡಿ. ಆನೆ ಬೇಟೆಗೆ ಹೋಗುತ್ತಿದ್ದ ಬಿಳಿಯ ದೊರೆಗಳಿಗೆ ಪೊದೆಯಾಚೆಯಿಂದ ಈ ಸದ್ದು ಕೇಳುತ್ತಿತ್ತು. ದಿನಕ್ಕೆ ನೂರಾರು ಕಿಲೋ ಸೊಪ್ಪು ತಿನ್ನುವ ಪ್ರಾಣಿಯಲ್ಲವೇ, ಜೀರ್ಣವಾಗುವ ಸದ್ದು ಎಂದು ತೀರ್ಮಾನಿಸಿದರು. ಆದರೆ ಮನುಷ್ಯನ ವಾಸನೆ ಸಿಕ್ಕಿದ ತಕ್ಷಣ ಇಡೀ ಹಿಂಡಿನ ‘ಹೊಟ್ಟೆ’ ಒಟ್ಟಿಗೇ ಗಪ್‌ಚಿಪ್ ಆಗುತ್ತಿತ್ತು! ಯಾರ ಹೊಟ್ಟೆ ತಾನೇ ಹೀಗೆ ಹೇಳಿದ ಮಾತು ಕೇಳುತ್ತದೆ? ಈ ಪ್ರಶ್ನೆ ಕೇಳಿಕೊಳ್ಳಲು ಎಷ್ಟೋ ದಶಕ ಬೇಕಾಯಿತು.

ಕೇಳಿಕೊಂಡವರಲ್ಲಿ ಮೊದಲಿಗರು ನಮ್ಮ ಕಡೆಯವರೇ. ಮದರಾಸಿನ ಎಂ. ಕೃಷ್ಣನ್ (1912–1996) ದಕ್ಷಿಣ ಭಾರತದ ಕಾಡುಗಳಲ್ಲಿ ಕಾಲ್ನಡಿಗೆಯಲ್ಲಿ ಅಲೆದ ಪ್ರಕೃತಿಶಾಸ್ತ್ರಜ್ಞ, ಕಪ್ಪುಬಿಳುಪು ಫೋಟೋಗಳ ಮಾಂತ್ರಿಕ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1972ರಲ್ಲಿ ಬರೆಯುವಾಗಲೇ ಅವರು, ಆನೆಗಳು ನಮ್ಮ ಕಿವಿಗೆ ದಕ್ಕದಷ್ಟು ಕೆಳದನಿಯಲ್ಲಿ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತಿರಬೇಕು ಎಂಬ ಸುಳಿವು ಕೊಟ್ಟಿದ್ದರು. ಉಪಕರಣವಿಲ್ಲ, ಪ್ರಯೋಗಾಲಯವಿಲ್ಲ, ಬರೀ ಕಣ್ಣು ಕಿವಿ ತಾಳ್ಮೆ! ಈ ಶೋಧದ ಕಥೆ ಹೇಳುವಾಗ ಅವರ ಹೆಸರನ್ನು ಅಡಿಟಿಪ್ಪಣಿಗೆ ತಳ್ಳುವುದು ನನಗೆ ಸರಿಕಾಣುವುದಿಲ್ಲ.

ಸಾಬೀತಾದದ್ದು ಹನ್ನೆರಡು ವರ್ಷದ ಮೇಲೆ, ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ. ಕೇಟಿ ಪೇನ್ ಎಂಬಾಕೆ ಅಲ್ಲಿಯವರೆಗೆ ತಿಮಿಂಗಿಲಗಳ ಹಾಡಿನ ಬೆನ್ನು ಹತ್ತಿದ್ದವರು. 1984ರಲ್ಲಿ ಆ ಮೃಗಾಲಯಕ್ಕೆ ಹೋಗಿ ಏಷ್ಯಾದ ಆನೆಗಳ ಪಂಜರದ ಬಳಿ ಸುಮ್ಮನೆ ಕೂತಿದ್ದರು. ಏನೂ ಕೇಳಿಸುತ್ತಿರಲಿಲ್ಲ, ಆದರೆ ಗಾಳಿ ಮಾತ್ರ ಆಗಾಗ ಮಿಡಿದಂತೆ ಅನಿಸುತ್ತಿತ್ತು. ಇದನ್ನು ಹಿಂದೆ ಎಲ್ಲಿ ಅನುಭವಿಸಿದ್ದೆ ಎಂದು ಕೆದಕಿದಾಗ ನೆನಪಾದದ್ದು ಬಾಲ್ಯದ ಒಂದು ಗಳಿಗೆ. ಪ್ರಾರ್ಥನಾ ಮಂದಿರದ ಮೇಳದಲ್ಲಿ ಬಾಖ್‌ನ ಸಂಗೀತ ಹಾಡುತ್ತ, ಪೈಪ್ ಆರ್ಗನ್‌ನ ಅತಿ ದೊಡ್ಡ ಕೊಳವೆಗಳ ಪಕ್ಕದಲ್ಲಿ ನಿಂತಿದ್ದಾಗ ಸ್ವರ ಇಳಿಯುತ್ತ ಇಳಿಯುತ್ತ ಕೊನೆಗೆ ಶಬ್ದವೇ ಮಾಯವಾಗಿ ಬರೀ ನಡುಕ ಉಳಿದಿತ್ತು! ಕಹಳೆಯ ಬಳಿ ಕೂತವರ ಪಕ್ಕೆಲುಬಿನಲ್ಲಿ ಆಗುವುದೂ ಅದೇ ಅಲ್ಲವೇ?

ವಿಲಿಯಂ ಲ್ಯಾಂಗ್‌ಬಾವರ್, ಎಲಿಜಬೆತ್ ಥಾಮಸ್ ಎಂಬ ಇಬ್ಬರು ಜೊತೆಗಾರರನ್ನೂ ಕೆಳಸ್ಥಾಯಿ ಹಿಡಿಯಬಲ್ಲ ರೆಕಾರ್ಡರ್‌ಗಳನ್ನೂ ಕಟ್ಟಿಕೊಂಡು ಪೇನ್ ಮತ್ತೆ ಹೋದರು. ಆಮೇಲೆ ಟೇಪನ್ನು ಹತ್ತುಪಟ್ಟು ವೇಗದಲ್ಲಿ ಓಡಿಸಿದರು. ನಿಶ್ಶಬ್ದ ಎಂದುಕೊಂಡಿದ್ದ ಟೇಪಿನಿಂದ ಹಟ್ಟಿಯ ದನಗಳು ಅಂಬಾ ಎಂದಂಥ ದನಿಗಳು ಸಾಲುಸಾಲಾಗಿ ಎದ್ದು ಬಂದವು! ರೋಸಿ ಎಂಬ ಹಿರಿಯ ಹೆಣ್ಣಾನೆ, ಕಾಂಕ್ರೀಟ್ ಗೋಡೆಯಾಚೆ ತುಂಗ ಎಂಬ ಗಂಡಾನೆ. ಮುಖ ಕಾಣದಿದ್ದರೂ ಅವೆರಡೂ ಗೋಡೆಯ ಮೂಲಕವೇ ಮಾತಾಡಿಕೊಳ್ಳುತ್ತಿದ್ದವು, ಕಾವಲಿನವರ ಮೂಗಿನಡಿಯಲ್ಲೇ. ಓರೆಗನ್ ಸೀಮೆಯ ಆನೆಗೆ ನಮ್ಮ ಹೊಳೆಯ ಹೆಸರು ಇದ್ದದ್ದು ನನಗೇಕೋ ಖುಷಿ ಕೊಟ್ಟಿತು.

1986ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿರುವ ಅಂಕಿ ನೋಡಿ. ಸೆಕೆಂಡಿಗೆ 14ರಿಂದ 24 ಕಂಪನ, ಅಂದರೆ 14ರಿಂದ 24 ಹರ್ಟ್ಜ್. ಮನುಷ್ಯನ ಕಿವಿಯ ಹೊಸ್ತಿಲು 20 ಹರ್ಟ್ಜ್. ಒಂದೊಂದು ಕರೆ ಹತ್ತು ಹದಿನೈದು ಸೆಕೆಂಡ್. ಜೋರು ಎಷ್ಟು ಅಂತೀರಿ? ಸುಮಾರು ಒಂದು ಮೀಟರ್ ದೂರದಲ್ಲಿ 85–90 ಡೆಸಿಬೆಲ್! ಲಾರಿ ಪಕ್ಕದಲ್ಲಿ ಹೋದಷ್ಟು. ಅಷ್ಟು ದೊಡ್ಡ ಸದ್ದು ಮುಖದೆದುರೇ ನಡೆಯುತ್ತಿದ್ದರೂ ನಮಗೆ ಹೆಚ್ಚೆಂದರೆ ಅದರ ಮೇಲಿನ ಅಂಚಷ್ಟೇ ಕೇಳುತ್ತದೆ. ಕರೆಯುವ ಹೊತ್ತಿಗೆ ಆನೆಯ ಹಣೆಯ ಮೇಲೆ, ಸೊಂಡಿಲಿನ ನಾಳ ತಲೆಬುರುಡೆ ಸೇರುವ ಕಡೆ, ಚರ್ಮ ಪಟಪಟನೆ ಅದುರುವುದನ್ನು ಮಾತ್ರ ಕಣ್ಣಿನಲ್ಲಿ ನೋಡಬಹುದು. ನೀವು ಆನೆಯ ಬಿಡಾರಕ್ಕೆ ಹೋದರೆ ಸೊಂಡಿಲನ್ನೂ ದಂತವನ್ನೂ ಬಿಟ್ಟು ಹಣೆ ನೋಡಿ.

ಇಷ್ಟು ಕೆಳಗಿನ ದನಿ ಹೊರಡುವುದು ಹೇಗೆ? ಬೆಕ್ಕು ಗುರ್‌ಗುಟ್ಟುವಂತೆ ಸ್ನಾಯುವನ್ನು ಮತ್ತೆ ಮತ್ತೆ ಬಿಗಿದು ಸಡಿಲಿಸುತ್ತದೋ, ನಾವು ಹಾಡುವಂತೆ ಗಂಟಲಿನಲ್ಲಿ ಗಾಳಿ ಬಿಟ್ಟು ಧ್ವನಿತಂತುಗಳನ್ನು ಅದುರಿಸುತ್ತದೋ? ಜಗಳ ತೀರಿದ್ದು 2012ರಲ್ಲಿ. ಬರ್ಲಿನ್ನಿನಲ್ಲಿ ಸಹಜವಾಗಿ ಸತ್ತ ಒಂದು ಆಫ್ರಿಕಾ ಆನೆಯ ಗಂಟಲಪೆಟ್ಟಿಗೆಯನ್ನು ವಿಯೆನ್ನಾದ ಕ್ರಿಸ್ಟಿಯನ್ ಹರ್ಬ್‌ಸ್ಟ್ ಮತ್ತು ಸಂಗಡಿಗರು ಪ್ರಯೋಗಾಲಯದ ಕೊಳವೆಗೆ ಕಟ್ಟಿ, ಬೆಚ್ಚಗಿನ ಹಸಿ ಗಾಳಿ ಊದಿದರು. ಜೀವವಿಲ್ಲದ ಗಂಟಲು ರಂಬಲ್ ಮಾಡಿತು! ಮಿದುಳಿನ ಅಪ್ಪಣೆಯಿಲ್ಲ, ಸ್ನಾಯುವಿನ ಸೆಳೆತವಿಲ್ಲ. ಗಾಳಿ, ಎರಡು ಮಾಂಸದ ಪಟ್ಟಿ, ಅಷ್ಟೇ. ಲತಾ ಮಂಗೇಶ್ಕರರ ಗಂಟಲಿನ ಸೂತ್ರವೇ ಆನೆಯ ಗಂಟಲಿನದೂ. ವ್ಯತ್ಯಾಸ ಗಾತ್ರದ್ದು. ನಮ್ಮ ಧ್ವನಿತಂತು ಎರಡು ಸೆಂಟಿಮೀಟರ್ ಮುಟ್ಟುವುದೇ ಕಷ್ಟ, ಆನೆಯದು ಹತ್ತರ ಆಸುಪಾಸು. ತಂತಿ ಉದ್ದವಾದಷ್ಟೂ, ಕೊಳವೆ ಉದ್ದವಾದಷ್ಟೂ ದನಿ ತಗ್ಗುತ್ತದೆ. ಮಾರುದ್ದದ ಕಹಳೆ ಮಾಡಿದ ಟಿಬೆಟಿನ ಕಂಚುಗಾರನಿಗೆ ಆನೆಯನ್ನು ಕೊಯ್ದು ನೋಡುವ ಅಗತ್ಯ ಬೀಳಲಿಲ್ಲ, ಅದೇ ಭೌತಶಾಸ್ತ್ರಕ್ಕೆ ಇನ್ನೊಂದು ಬಾಗಿಲಿನಿಂದ ಬಂದ.

ಭಿಕ್ಷುಗಳ ಗಂಟಲಂತೂ ಇನ್ನೂ ಸೋಜಿಗ. ಕಹಳೆಯಿಲ್ಲದೆ, ಬರೀ ಬಾಯಲ್ಲಿ ಈ ಪಾತಾಳಕ್ಕೆ ಇಳಿಯುವವರಿದ್ದಾರೆ. ಗೆಲುಗ್ ಪಂಥದ ಎರಡು ತಾಂತ್ರಿಕ ಮಹಾವಿದ್ಯಾಲಯಗಳು, ಗ್ಯುತೊ ಮತ್ತು ಗ್ಯುಮೆ, ಈ ಪಠಣಕ್ಕೆ ಹೆಸರುವಾಸಿ. ಗ್ಯುಮೆ ಈಗ ಇರುವುದು ನಮ್ಮ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ! ಧರ್ಮಗಳ ಅಧ್ಯಯನಕಾರ ಹ್ಯೂಸ್ಟನ್ ಸ್ಮಿತ್ 1960ರ ದಶಕದಲ್ಲಿ ಗ್ಯುತೊ ಭಿಕ್ಷುಗಳ ಪಠಣವನ್ನು ಧ್ವನಿಮುದ್ರಿಸಿಕೊಂಡು ಹೋಗಿ ಎಂಐಟಿಯ ಧ್ವನಿವಿಜ್ಞಾನಿ ಕೆನೆತ್ ಸ್ಟೀವನ್ಸ್‌ಗೆ ಕೇಳಿಸಿದರು. ಮೂಲಸ್ವರ 60–75 ಹರ್ಟ್ಜ್ ಆಸುಪಾಸಿನಲ್ಲಿ, ಅದರ ನೆತ್ತಿಯ ಮೇಲೆ ಇನ್ನೊಂದು ತೆಳುವಾದ ಸ್ವರ ಬೇರೆಯೇ ಮಿನುಗುತ್ತಿತ್ತು. ಒಬ್ಬನೇ ಮನುಷ್ಯ ಏಕಕಾಲಕ್ಕೆ ಎರಡು ಸ್ವರ! ಗುಟ್ಟು ಇರುವುದು ಧ್ವನಿತಂತುಗಳ ಮೇಲಿರುವ ಇನ್ನೊಂದು ಜೊತೆ ಮಡಿಕೆಗಳಲ್ಲಿ. ನಮ್ಮ ನಿಮ್ಮಲ್ಲಿ ಅವು ಸುಮ್ಮನೆ ಬಿದ್ದಿರುತ್ತವೆ. ವರ್ಷಗಟ್ಟಲೆ ಸಾಧನೆ ಮಾಡಿದವರಲ್ಲಿ ಅವೂ ಅದುರಿ, ದನಿಯ ಮೂಲಸ್ವರವನ್ನು ಅರ್ಧಕ್ಕೆ ಇಳಿಸಿಬಿಡುತ್ತವೆ.

ಆದರೂ 60ರಿಂದ 14ಕ್ಕೆ ಇನ್ನೂ ಬಹಳ ದೂರ. ಮನುಷ್ಯ ಎಲ್ಲಿ ತಳ ಮುಟ್ಟಿದೆ ಅನ್ನುತ್ತಾನೋ ಅದರ ಕೆಳಗಿನ ಮಹಡಿಯಲ್ಲಿ ಆನೆಯ ಸಂಸಾರ.

ಆ ಮಹಡಿಯಲ್ಲೇ ಯಾಕೆ? ಲೆಕ್ಕ ಸುಲಭ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. 14 ಹರ್ಟ್ಜ್ ಕರೆಯ ಒಂದೊಂದು ಅಲೆಯ ಉದ್ದ ಹೆಚ್ಚುಕಡಿಮೆ 24 ಮೀಟರ್, ಎರಡು ಸರ್ಕಾರಿ ಬಸ್ಸನ್ನು ಮೂತಿಗೆ ಬಾಲ ಸೇರಿಸಿ ನಿಲ್ಲಿಸಿದಷ್ಟು. ಅಂಥ ಅಲೆಗೆ ಹೊನ್ನೆ ಮರ, ಮತ್ತಿ ಮರ, ಬಿದಿರ ಮೆಳೆ ಯಾವ ಲೆಕ್ಕ? ಲಂಟಾನದ ಪೊದೆಯಂತೂ ಇದ್ದೂ ಇಲ್ಲದ ಹಾಗೆ. ಹಕ್ಕಿಯ ಸಣ್ಣ ದನಿ ನಾಲ್ಕು ಮರಕ್ಕೆ ಬಡಿದು ಸವೆದುಹೋದರೆ ಈ ಅಲೆ ಮರಗಳನ್ನು ಬಳಸಿಕೊಂಡು ಸಾಗುತ್ತಲೇ ಇರುತ್ತದೆ. ನಮೀಬಿಯಾದ ಎಟೋಶದಲ್ಲಿ ಧ್ವನಿವರ್ಧಕದಿಂದ ಆನೆಕರೆ ಬಿತ್ತರಿಸಿ ನೋಡಿದಾಗ ಎರಡು ಕಿಲೋಮೀಟರ್ ಆಚೆಯ ಆನೆಗಳು ತಲೆ ಎತ್ತಿ, ಕಿವಿ ಹರಡಿ ನಿಂತವು. ಧ್ವನಿವರ್ಧಕ ಆನೆಯ ಪೂರ್ತಿ ಜೋರನ್ನು ಮುಟ್ಟಿರಲಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು ಕಿಲೋಮೀಟರ್.

ಇನ್ನು ಸಂಜೆಯ ಚಮತ್ಕಾರ ಕೇಳಿ! ಹೊತ್ತು ಮುಳುಗಿದ ಮೇಲೆ ನೆಲ ಬೇಗ ತಣ್ಣಗಾಗುತ್ತದೆ, ನೆಲಕ್ಕಂಟಿದ ಗಾಳಿಯೂ ತಣಿಯುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗೆ ಇರುತ್ತದೆ. ಆ ಬೆಚ್ಚನೆಯ ಪದರ ಮೇಲಕ್ಕೆ ಹೋಗುವ ಶಬ್ದವನ್ನು ಮತ್ತೆ ನೆಲಕ್ಕೆ ಬಾಗಿಸುತ್ತದೆ. ಮೈಕೆಲ್ ಗಾರ್‌ಸ್ಟ್ಯಾಂಗ್ ಮತ್ತು ಸಂಗಡಿಗರು ಆಫ್ರಿಕಾದ ಬಯಲಿನ ಹವೆ ಅಳೆದು 1990ರ ದಶಕದಲ್ಲಿ ತೋರಿಸಿಕೊಟ್ಟಂತೆ, ಗಾಳಿ ನಿಂತ ತಿಳಿಸಂಜೆಯಲ್ಲಿ, ಸೂರ್ಯ ಮುಳುಗಿದ ಒಂದೆರಡು ಗಂಟೆಯೊಳಗೆ, ಆನೆಯ ಕರೆ ಹತ್ತು ಕಿಲೋಮೀಟರ್‌ವರೆಗೂ ಹೋಗಬಲ್ಲದು. ವಿಸ್ತೀರ್ಣಕ್ಕೆ ಹಿಡಿದರೆ ಸುಮಾರು 300 ಚದರ ಕಿಲೋಮೀಟರ್! ಬಿಳಿಗಿರಿರಂಗನ ಹುಲಿ ಪ್ರದೇಶದ ಒಟ್ಟು ವಿಸ್ತೀರ್ಣವೇ 575 ಚದರ ಕಿಲೋಮೀಟರಿನಷ್ಟು. ನಮ್ಮ ಬೆಟ್ಟ, ಕಣಿವೆ, ದಟ್ಟಕಾಡು ಆಫ್ರಿಕಾದ ಬಯಲಲ್ಲ, ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ಹಾಗೇ ಎತ್ತಿಡಲಾಗದು. ಆದರೂ ಮನಸ್ಸು ಕೇಳಬೇಕಲ್ಲ! ಮಠದಲ್ಲಿ ಸಂಜೆಯ ಪೂಜೆಗೆ ಕಹಳೆ ಏಳುವ ಹೊತ್ತೂ, ಆನೆಗೆ ಗಾಳಿ ಅನುಕೂಲವಾಗುವ ಹೊತ್ತೂ ಹತ್ತಿರಹತ್ತಿರ.

ಕಿವಿಯಷ್ಟೇ ಅಲ್ಲ, ಕಾಲೂ ಕೇಳುತ್ತದೆ. ಕೇಟ್ಲಿನ್ ಓಕಾನೆಲ್ ಎಂಬಾಕೆ ಮೊದಲು ಅಧ್ಯಯನ ಮಾಡಿದ್ದು ಎಲೆಯ ಮೇಲಿನ ಜಿಗಿಹುಳುಗಳನ್ನು. ಆ ಪುಟ್ಟ ಹುಳುಗಳು ಕಾಲಿನಿಂದ ಕಾಂಡದ ನಡುಕ ಆಲಿಸಿ ಸಂಗಾತಿಯ ಕರೆ ಗುರುತಿಸುತ್ತವೆ. ಮುಂದೆ 1990ರ ದಶಕದಲ್ಲಿ ಎಟೋಶದ ನೀರಿನ ಹೊಂಡದ ಬಳಿ ಆನೆಗಳನ್ನು ನೋಡುತ್ತಿದ್ದಾಗ, ಅವು ಇದ್ದಕ್ಕಿದ್ದಂತೆ ನಿಂತು, ಮುಂದಕ್ಕೆ ವಾಲಿ, ಒಂದು ಮುಂಗಾಲನ್ನು ಉಗುರಿನ ಮೇಲೆ ಊರುವುದು ಕಣ್ಣಿಗೆ ಬಿತ್ತು. ಅದೇ ಹುಳುಗಳ ಭಂಗಿ! ಆನೆಯ ಕರೆಯ ಒಂದು ಪಾಲು ನೆಲಕ್ಕೆ ಇಳಿದು ಮಣ್ಣಿನಲ್ಲೂ ಸಾಗುತ್ತದೆ, ಪಾದದ ಕೊಬ್ಬಿನ ಮೆತ್ತೆ ಮತ್ತು ಅಲ್ಲಿಯ ಸೂಕ್ಷ್ಮ ನರತುದಿಗಳು ಅದನ್ನು ಹಿಡಿಯುತ್ತವೆ ಎಂಬುದಕ್ಕೆ ಆಕೆ ಪುರಾವೆ ಕೂಡಿಸಿದರು. ಐದು ಟನ್ನಿನ ಪ್ರಾಣಿಗೆ ಐದು ಮಿಲಿಮೀಟರಿನ ಹುಳು ಗುರು.

ಒಡೆಯರಪಾಳ್ಯದ ಸುತ್ತಿನ ಆಳದ ಸದ್ದುಗಳು ಕಹಳೆ, ಆನೆ ಇವೆರಡೇ ಅಲ್ಲ. ಕೊಳ್ಳೇಗಾಲದ ಆಚೆ ಕಾವೇರಿ ಎರಡಾಗಿ ಒಡೆದು ಗಗನಚುಕ್ಕಿ, ಭರಚುಕ್ಕಿಯಾಗಿ ಬೀಳುತ್ತದೆ. ಅದೇ ನೀರಿನ ಬಲದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು. ಮುಂಗಾರಿನಲ್ಲಿ ನದಿ ತುಂಬಿದಾಗ ಅದರ ಮೊರೆತ ಕಣ್ಣಿಗೆ ಜಲಪಾತ ಕಾಣುವ ಮೊದಲೇ ಕಾಲಿಗೆ ತಾಕುತ್ತದೆ. ಮಾದಪ್ಪನ ಬೆಟ್ಟಕ್ಕೆ ಶಿವರಾತ್ರಿ, ಯುಗಾದಿ, ದೀಪಾವಳಿಗೆ ಹೊರಡುವ ಪರಿಸೆಯದು ಕಂಸಾಳೆಯ ಕಣಕಣ, ಅದು ಮೇಲುಸ್ಥಾಯಿ. ಆದರೆ ಸಾವಿರಾರು ಗಂಟಲು ಒಟ್ಟಿಗೆ ‘ಉಘೇ ಮಾದಪ್ಪ’ ಎಂದಾಗ ಅದರ ತಳದಲ್ಲೂ ಒಂದು ಗುಡುಗು ಇರುತ್ತದೆ. ಇನ್ನು ಮಳೆಯ ಗುಡುಗು! ಮಿಂಚಿನ ಗೆರೆ ಐದಾರು ಕಿಲೋಮೀಟರ್ ಉದ್ದ ಇರಬಲ್ಲದು. ಅದರ ಉದ್ದಕ್ಕೂ ಶಬ್ದ ಒಮ್ಮೆಗೇ ಹುಟ್ಟಿದರೂ ಹತ್ತಿರದ ತುದಿಯದು ಮೊದಲು, ದೂರದ ತುದಿಯದು ಕಿಲೋಮೀಟರಿಗೆ ಮೂರು ಸೆಕೆಂಡಿನಂತೆ ತಡವಾಗಿ ಬರುತ್ತದೆ. ಒಂದೇ ಸಿಡಿತ ಹದಿನೈದು ಸೆಕೆಂಡಿನ ಗುಡುಗುಡುವಾಗಿ ಉರುಳುವುದು ಹೀಗೆ. ದಾರಿಯಲ್ಲಿ ಚುರುಕು ದನಿಗಳನ್ನೆಲ್ಲ ಗಾಳಿ ನುಂಗಿಬಿಡುತ್ತದೆ, ಉಳಿಯುವುದು ಆಳದ್ದು ಮಾತ್ರ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರನ್ನು ಬೆಚ್ಚಿಬೀಳಿಸಿದ ಸದ್ದು ನೆನಪಿದೆಯಲ್ಲ? ಶಬ್ದದ ವೇಗ ಮೀರಿ ಹಾರಿದ ವಾಯುಪಡೆಯ ಪರೀಕ್ಷಾ ವಿಮಾನ ನಗರದಿಂದ ಎಷ್ಟೋ ದೂರದಲ್ಲಿತ್ತು. ಅಂಥ ಸದ್ದು 65–80 ಕಿಲೋಮೀಟರ್ ಆಚೆಗೂ ಕೇಳಬಹುದು ಎಂದು ರಕ್ಷಣಾ ಇಲಾಖೆಯವರೇ ಹೇಳಿದರು. ಮೊದಲು ಭೂಕಂಪ ಅಂದರು, ಆಮೇಲೆ ಏಲಿಯನ್ ಅಂದರು. ಬೆಂಗಳೂರಿನವರಿಗೆ ಲಾಕ್‌ಡೌನಿನಲ್ಲಿ ಬೇರೆ ಕೆಲಸವಿರಲಿಲ್ಲ.

ಇಷ್ಟೆಲ್ಲ ಬೆರಗಿನ ನಡುವೆ ಹೊಲದವರ ಪಾಡನ್ನು ಮರೆತರೆ ಅನ್ಯಾಯ. ಜೋಳ ಹಾಲುಗಟ್ಟಿತು ಅಂದರೆ ಒಡೆಯರಪಾಳ್ಯದ ಟಿಬೆಟಿಯನ್ನರಿಗೂ ಸುತ್ತಿನ ಕನ್ನಡದ ರೈತರಿಗೂ ಒಂದೇ ನಿದ್ದೆಗೇಡು. ಆನೆ ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಎಳೆದಿದ್ದಾರೆ. ಮಣ್ಣು ಕುಸಿದ ಕಡೆ ಕಂದಕ ದಾಟುವುದನ್ನೂ, ಒಣಮರ ಉರುಳಿಸಿ ತಂತಿ ಕೆಡವುವುದನ್ನೂ ಆನೆ ಎಂದೋ ಕಲಿತಿದೆ. ರಾತ್ರಿಯಿಡೀ ಅಟ್ಟಣೆಯ ಮೇಲೆ ಕಾವಲು. ಟಾರ್ಚು, ಪಟಾಕಿ, ತಗಡಿನ ಡಬ್ಬ. ಪ್ರಬಂಧಗಳ ಹರ್ಟ್ಜ್, ಡೆಸಿಬೆಲ್ಲುಗಳು ಇಲ್ಲಿ ಪ್ರಾಣದ ಪ್ರಶ್ನೆಯಾಗುತ್ತವೆ. ಹಿಂಡು ಸಮಾಧಾನದಲ್ಲಿ ಮೇಯುತ್ತಿರುವಾಗ ರಂಬಲ್‌ನ ಆ ಗುಟುರು ಆಗೀಗ ಕೇಳುತ್ತಲೇ ಇರುತ್ತದೆ, ಅದರ ಮೇಲಿನ ಅಂಚಾದರೂ ಕಿವಿಗೆ ಬೀಳುತ್ತದೆ. ಆ ಕಡೆಯ ಹಿರಿಯ ರೈತರೊಬ್ಬರನ್ನು ಇದರ ಬಗ್ಗೆ ಕೇಳಿದೆ. ನಾನು ಹಣೆ ಅದುರುವುದು, 14 ಹರ್ಟ್ಜ್, ಪೋರ್ಟ್‌ಲ್ಯಾಂಡ್ ಎಂದೆಲ್ಲ ವಿವರಿಸಿ ಮುಗಿಸುವವರೆಗೆ ಬೀಡಿ ಸೇದುತ್ತ ತಾಳ್ಮೆಯಿಂದ ಕೇಳಿಸಿಕೊಂಡರು.

“ಅದೆಲ್ಲಾ ಸರಿ ಕಣಪ್ಪ. ಗುಟುರು ಹಾಕ್ತಾ ಇದ್ರೆ ಎಲ್ಲವೆ ಅಂತ ಗೊತ್ತಾಯ್ತದೆ, ಪಟಾಕಿ ಯಾವ ಕಡೆ ಎಸೀಬೇಕೋ ತಿಳೀತದೆ. ಎಲ್ಲಾವೂ ಒಟ್ಗೆ ಸುಮ್ಗಾದ್ವು ಅನ್ಕೋ, ಆಗ ಅವುಕ್ಕೆ ನಾವು ಗೊತ್ತಾಗೋಗಿದೀವಿ. ಅಟ್ಟಣೆ ಇಳೀಬೇಡ. ತಗಡು ಬಡಿ, ಅಷ್ಟೇಯ.”

ಬೇಟೆಗಾರ ದೊರೆಗಳು ಹೊಟ್ಟೆಯ ಸದ್ದೆಂದು ಬರೆದುಕೊಂಡು ಹೋದದ್ದು ಇದನ್ನೇ.